ಹೊಂಗೆಮರದ ಕೆಳಗೆ ಪ್ರತಿ ಗುರುವಾರ

ನಾನು ಅರಸೀಕೆರೆ ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಪ್ರತಿ ವರ್ಷ ಜೂನ್ 5 ಬಂತೆಂದರೆ ಯಾರಾದರೂ ಶಾಲೆಗೆ ಸಸಿಗಳನ್ನು ತಂದುಕೊಡುತ್ತಾರೆ. ಗುಂಡಿ ತೋಡಿ ನೆಡುತ್ತೇವೆ, ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಳ್ಳುತ್ತೇವೆ. ಅದನ್ನು ನಾನು ಹೀಗಳೆಯುವುದಿಲ್ಲ, ಉಳಿದುಕೊಂಡ ಸಸಿಗಳು ಇಂದು ನೆರಳು ಕೊಡುತ್ತಿವೆ. ಆದರೆ ನಮ್ಮ ಮಕ್ಕಳು ಪರಿಸರ ವಿಜ್ಞಾನವನ್ನು ನಿಜವಾಗಿ ಕಲಿತದ್ದು ಆ ದಿನಗಳಲ್ಲಲ್ಲ. ಮೂರು ವರ್ಷ ಪ್ರತಿ ಗುರುವಾರ ಕೊನೆಯ ಅವಧಿಯಲ್ಲಿ, ಶಾಲೆಯ ಹಿಂದಿನ ಹೊಂಗೆಮರದ ಕೆಳಗೆ.

ಆ ಗುರುವಾರಗಳನ್ನು ನಮಗೆ ಕೊಟ್ಟದ್ದು ಲಾಭದ ಉದ್ದೇಶವಿಲ್ಲದ ಒಂದು ಸಣ್ಣ ಸಂಸ್ಥೆ. ಅದರ ಕ್ಷೇತ್ರ ಕಾರ್ಯಕರ್ತೆ, ಸಸ್ಯಶಾಸ್ತ್ರ ಓದಿದ ಯುವತಿ, ಮೊದಲ ದಿನ ಬಂದಾಗ ನಾನು ಮಕ್ಕಳನ್ನು ಯಾವ ಕಾಡಿಗೆ ಕರೆದುಕೊಂಡು ಹೋಗುತ್ತೀರಿ ಎಂದು ಕೇಳಿದ್ದೆ. ಆಕೆ ಹೊಂಗೆಮರವನ್ನು ತೋರಿಸಿದಳು. ವಾರಕ್ಕೊಮ್ಮೆ ಅದೇ ಮರದ ಮುಂದೆ ನಿಂತು ಚಿಗುರು, ಬಲಿತ ಎಲೆ, ಒಣಗಿದ ಎಲೆ, ಮೊಗ್ಗು, ಹೂವು, ಕಾಯಿ ಎಂದು ಒಂದೊಂದನ್ನೂ ನೋಡಿ ‘ಇಲ್ಲ’, ‘ಸ್ವಲ್ಪ’, ‘ಬಹಳ’ ಎಂದು ಬರೆಯಬೇಕು, ಅಷ್ಟೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಡೆಸುವ ಸೀಸನ್‌ವಾಚ್ ಯೋಜನೆಯ ಕ್ರಮವೂ ಇಂಥದ್ದೇ. ಕೇರಳದಲ್ಲಿ ಬಹಳಷ್ಟು ಶಾಲೆಗಳ ಮಕ್ಕಳು ಹೀಗೆ ಮರಗಳನ್ನು ಗಮನಿಸಿ ದಾಖಲಿಸುತ್ತಿದ್ದಾರೆ. ವಿಷು ಹಬ್ಬಕ್ಕೆ ಅರಳಬೇಕಾದ ಕಕ್ಕೆ ಹೂವು ಬೇರೆ ಕಾಲದಲ್ಲೂ ಅರಳುತ್ತಿದೆಯೇ ಎಂಬ ಪ್ರಶ್ನೆಗೆ ನೆನಪಿನಿಂದಲ್ಲ, ದಾಖಲೆಯಿಂದ ಉತ್ತರ ಹುಡುಕಲು ಸಾಧ್ಯವಾಗುವುದು ಇಂಥ ಕೆಲಸದಿಂದಲೇ.

ಮೊದಲ ಎರಡು ತಿಂಗಳು ಮಕ್ಕಳಿಗೆ ಬೇಸರವೇ ಆಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಆಮೇಲೊಂದು ಗುರುವಾರ ಎಂಟನೇ ತರಗತಿಯ ಹುಡುಗಿಯೊಬ್ಬಳು ಎಲೆಯ ಮೇಲೆ ಹಸಿರು ಗುಳ್ಳೆಗಳಿರುವುದನ್ನು ತೋರಿಸಿ ಇದೇನೆಂದು ಕೇಳಿದಳು. ಕಾರ್ಯಕರ್ತೆ ಉತ್ತರ ಹೇಳಲಿಲ್ಲ. ರಸ್ತೆ ಬದಿಯ ಕೊಂಬೆಯಿಂದ ನೂರು ಎಲೆ, ಬಾವಿ ಬದಿಯ ಕೊಂಬೆಯಿಂದ ನೂರು ಎಲೆ ನೋಡಿ, ಎಷ್ಟೆಷ್ಟಕ್ಕೆ ಗುಳ್ಳೆಗಳಿವೆ ಎಂದು ಎಣಿಸಲು ಹೇಳಿದಳು. ಎಣಿಸಿ ಮುಗಿದ ಮೇಲೆ ಬ್ಲೇಡಿನಿಂದ ಒಂದು ಗುಳ್ಳೆಯನ್ನು ಸೀಳಿ, ಒಳಗಿದ್ದುದನ್ನು ಒಂದು ಹನಿ ನೀರಿನಲ್ಲಿ ಹರಡಿ, ಫೋಲ್ಡ್‌ಸ್ಕೋಪಿನಲ್ಲಿ ಇಟ್ಟಳು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನು ಪ್ರಕಾಶ್ ಮತ್ತು ಅವರ ತಂಡ ರೂಪಿಸಿದ ಈ ಕಾಗದದ ಸೂಕ್ಷ್ಮದರ್ಶಕ ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಅದರಲ್ಲಿ ಬೆಳ್ಳಗೆ, ಉದ್ದಕ್ಕೆ, ಕ್ಯಾರೆಟ್ಟಿನಂತೆ ಒಂದು ತುದಿಗೆ ಸಣ್ಣಗಾದ ಜೀವಿಗಳು ನಿಧಾನವಾಗಿ ಅಲುಗಾಡುತ್ತಿದ್ದವು. ಉದ್ದ ಮಿಲಿಮೀಟರಿನ ಐದನೇ ಒಂದು ಭಾಗ. ಇವು ನುಸಿಗಳು. ಸಾಮಾನ್ಯವಾಗಿ ನುಸಿಗಳಿಗೆ ಎಂಟು ಕಾಲು. ಇವಕ್ಕೆ ಇರುವುದು ನಾಲ್ಕೇ, ಅದೂ ತಲೆಯ ಹತ್ತಿರ.

ಸರದಿಯಲ್ಲಿ ನಿಂತು ನೋಡಿದ ಹುಡುಗನೊಬ್ಬ ಕಣ್ಣು ತೆಗೆಯದೆಯೇ ಕೇಳಿದ: “ಅಕ್ಕಾ, ನಮ್ಮ ತೆಂಗಿನಕಾಯಿಗೆ ಬರೋ ನುಸೀನೂ ಇದೇನಾ?”

ಅರಸೀಕೆರೆ, ತಿಪಟೂರು ಕಡೆಯವರಿಗೆ ಈ ಪ್ರಶ್ನೆಯ ತೂಕ ಗೊತ್ತು. ತೆಂಗಿನ ನುಸಿ ಭಾರತದಲ್ಲಿ ಮೊದಲು ವರದಿಯಾದದ್ದು 1998ರಲ್ಲಿ, ಕೇರಳದಲ್ಲಿ. ಹೆಚ್ಚು ಕಾಲ ಹಿಡಿಯಲಿಲ್ಲ, ನಮ್ಮ ತೋಟಗಳಿಗೂ ಬಂತು. ತೊಟ್ಟಿನ ಕೆಳಗೆ ಬಿಳಿ ತ್ರಿಕೋನದ ಕಲೆ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಬಿರುಕು ಬಿಡುವ ಸಿಪ್ಪೆ, ಕೊನೆಗೆ ಚಿಕ್ಕದಾಗಿ ಉಳಿಯುವ ಕಾಯಿ. ಆ ಹುಡುಗ ಇದನ್ನೆಲ್ಲ ತಾತನ ಬಾಯಲ್ಲಿ ಕೇಳಿದ್ದ. ಹೊಂಗೆಯ ನುಸಿ ಮತ್ತು ತೆಂಗಿನ ನುಸಿ ಬೇರೆ ಬೇರೆ ಪ್ರಭೇದಗಳು, ಆದರೆ ಎರಡೂ ಅಸೇರಿಯಾ ಎಂಬ ಒಂದೇ ಕುಲಕ್ಕೆ ಸೇರಿದವು. ಮುಂದಿನ ಗುರುವಾರ ಅವನು ಕಲೆಬಿದ್ದ ಎಳೆಕಾಯಿಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದ. ‘ಕುಲ’, ‘ಪ್ರಭೇದ’ ಎಂಬ ಪದಗಳನ್ನು ನಾನು ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಬರೆದು ಪಾಠ ಮಾಡಿದ್ದೇನೆ. ಅವು ಮಗುವಿನ ಮನೆಯ ತೋಟಕ್ಕೆ ಹೋಗಿ ತಲುಪಿದ್ದನ್ನು ನಾನು ಕಂಡದ್ದು ಅಂದೇ.

ಕಾಡಿನ ಪ್ರವಾಸ ಬೇಡವೆಂದು ನಾನು ಹೇಳುತ್ತಿಲ್ಲ. ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ ಇದೆ. ಆನೆ, ಚಿರತೆಗಳ ನೆರೆಯಲ್ಲೇ ಬದುಕುವ ಕಾಡಂಚಿನ ಮಕ್ಕಳಿಗಾಗಿ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ 2018ರಲ್ಲಿ ಆರಂಭಿಸಿದ ವೈಲ್ಡ್ ಶಾಲೆ ಇದೆ. ಇವು ಬೇಕು. ಆದರೆ ಬಯಲುಸೀಮೆಯ ಮಗು ಒಂದು ದಿನ ಬಸ್ಸಿನಲ್ಲಿ ಹೋಗಿ ಕಾಡು ನೋಡಿ ಬಂದರೆ ಪರಿಸರವೆಂದರೆ ದೂರದಲ್ಲಿರುವ ಚೆಂದದ ಜಾಗ ಎಂದಷ್ಟೇ ತಿಳಿಯುವ ಅಪಾಯವಿದೆ. ವಿಜ್ಞಾನಕ್ಕೆ ಬೇಕಾದದ್ದು ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು, ಹಿಂದಿನ ವಾರ ಬರೆದದ್ದನ್ನು ಈ ವಾರದ್ದರೊಡನೆ ಹೋಲಿಸಿ ನೋಡುವುದು.

ಇದಕ್ಕೆ ಆದೇಶಗಳ ಕೊರತೆಯಿಲ್ಲ. ವಕೀಲ ಎಂ. ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯವರಿಗೆ 10 ದಿನ ಬ್ಯಾಗ್ ಇಲ್ಲದ ಕಲಿಕೆಯನ್ನು ಸೂಚಿಸುತ್ತದೆ. ಕೊರತೆ ಇರುವುದು ಮನುಷ್ಯರದ್ದು. ಎರಡು ವಿಷಯಗಳ ಪಾಠ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವ ಕೆಲಸ, ಇವುಗಳ ನಡುವೆ ಒಬ್ಬ ಶಿಕ್ಷಕಿ ನಲವತ್ತು ಮಕ್ಕಳನ್ನು ಒಬ್ಬಳೇ ಹೊರಗೆ ಕರೆದೊಯ್ದು ಎಲೆ ಎಣಿಸಿಸುವುದು ಕಷ್ಟ.

ನಮ್ಮಲ್ಲಿಗೆ ಬರುತ್ತಿದ್ದ ಸಂಸ್ಥೆಗೆ ಒಂದು ಕಂಪನಿಯ ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗಾಗಿ ಖರ್ಚು ಮಾಡುವ ಹಣ, ಬರುತ್ತಿತ್ತು. ಆ ಹಣವನ್ನು ಯಾವ ಕೆಲಸಗಳಿಗೆ ಬಳಸಬಹುದೆಂಬ 2013ರ ಕಂಪನಿ ಕಾಯ್ದೆಯ ಪಟ್ಟಿಯಲ್ಲಿ ಶಿಕ್ಷಣವೂ ಪರಿಸರವೂ ಇವೆ, ಆದ್ದರಿಂದ ತೊಡಕೇನೂ ಇರಲಿಲ್ಲ. ಮೂರನೆಯ ವರ್ಷ ಪರಿಶೀಲನೆಗೆ ಬಂದವರು ಎಷ್ಟು ಸಸಿ ನೆಟ್ಟಿದ್ದೀರಿ, ಎಷ್ಟು ಮಕ್ಕಳಿಗೆ ತಲುಪಿದ್ದೀರಿ ಎಂದು ಕೇಳಿದರು. ಮಕ್ಕಳ ನೋಟ್‌ಬುಕ್‌ಗಳನ್ನು ನಾನೇ ಅವರ ಮುಂದಿಟ್ಟೆ. ಅವರು ಮೊದಲ ಪುಟ ತೆರೆದು ಫೋಟೊ ತೆಗೆದುಕೊಂಡರು. ಮಾರ್ಚಿಗೆ ಹಣ ನಿಂತಿತು. ಒಬ್ಬ ಕಾರ್ಯಕರ್ತೆಯ ಸಂಬಳ ಕಾರ್ಯಕ್ರಮದ ಖರ್ಚಲ್ಲ, ಆಡಳಿತದ ಖರ್ಚು ಎಂಬುದು ಅವರು ಕೊಟ್ಟ ಕಾರಣ. ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಈ ಕೆಲಸದಲ್ಲಿ ಆ ಸಂಬಳವೇ ಕಾರ್ಯಕ್ರಮ. ಉಳಿದದ್ದು ಒಂದು ಮರ, ಒಂದು ನೋಟ್‌ಬುಕ್, ಒಂದು ಭೂತಗನ್ನಡಿ. ದಾನ ಕೊಡುವವರು, ಹಳೆಯ ವಿದ್ಯಾರ್ಥಿಗಳ ಸಂಘದವರು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಇದನ್ನು ಓದುತ್ತಿದ್ದರೆ ನನ್ನ ಕೋರಿಕೆ ಇಷ್ಟು: ಮುಂದಿನ ಸಲ ನೂರು ಸಸಿಗಳ ಬದಲು ಹತ್ತು ಶಾಲೆಗಳಿಗೆ ಒಬ್ಬ ಕ್ಷೇತ್ರ ಕಾರ್ಯಕರ್ತರ ಮೂರು ವರ್ಷದ ಸಂಬಳವನ್ನು ವಹಿಸಿಕೊಳ್ಳಿ.

ಹೊಂಗೆ ಹೂವಿನ ಕಾಲದ ಬಹುಭಾಗ ಬೇಸಿಗೆ ರಜೆಯಲ್ಲೇ ಕಳೆಯುವುದರಿಂದ ಮೊದಲ ವರ್ಷ ಏಪ್ರಿಲ್ ಮತ್ತು ಮೇ ಪುಟಗಳು ಖಾಲಿ ಉಳಿದಿದ್ದವು. ಈ ವರ್ಷ ಕಾರ್ಯಕರ್ತೆ ಬರುವುದು ನಿಂತ ಮೇಲೂ ತೆಂಗಿನಕಾಯಿ ತಂದಿದ್ದ ಆ ಹುಡುಗ ರಜೆಯಲ್ಲಿ ಒಬ್ಬನೇ ಬಂದು ಅವನ್ನು ತುಂಬಿದ್ದಾನೆ. ಮೊನ್ನೆ ಶಾಲೆ ತೆರೆದಾಗ ನೋಡಿದೆ: “ಹೂವು: ಬಹಳ. ಜೇನು: ಎಣಿಸಲು ಆಗಲಿಲ್ಲ. ರಸ್ತೆ ಕಡೆಯ ಕೊಂಬೆ ಮೊದಲು ಹೂ ಬಿಟ್ಟಿದೆ, ಬಾವಿ ಕಡೆಯದು ಆಮೇಲೆ. ಯಾಕೆ ಅಂತ ಅಕ್ಕನ್ನ ಕೇಳಬೇಕು.” ಆಕೆ ಈಗ ಬೆಂಗಳೂರಿನ ಒಂದು ಕಚೇರಿಯಲ್ಲಿ ಬೇರೆ ಕೆಲಸದಲ್ಲಿದ್ದಾಳೆ. ಆ ಪುಟದ ಫೋಟೊ ತೆಗೆದು ಅವಳಿಗೆ ಕಳಿಸಿದ್ದೇನೆ.