ಗೊತ್ತಿದ್ದೂ ಬಾಯಿ ಬಿಡದ ನೆರೆಯವರು

ಮೈಸೂರಿನಿಂದ ತಂಗಿ ಫೋನ್ ಮಾಡಿದ್ದಳು. ಧ್ವನಿ ನಡುಗುತ್ತಿತ್ತು. ಅವಳ ಜೊತೆ ಕೆಲಸ ಮಾಡುವ ಒಬ್ಬಾಕೆ ಗಂಡನ ಹೊಡೆತ ತಾಳಲಾರದೆ, ಮಗುವನ್ನು ಎತ್ತಿಕೊಂಡು ರಾತ್ರೋರಾತ್ರಿ ಇವಳ ಮನೆಗೆ ಬಂದಿದ್ದಾಳೆ. ನಾಲ್ಕು ದಿನ ಇದ್ದು ತವರಿಗೆ ಹೋಗುವುದೆಂದು ಮಾತಾಗಿತ್ತು. ಬೆಳಿಗ್ಗೆ ತಂಗಿ ಹಾಲಿನವನಿಗೆ ಅರ್ಧ ಲೀಟರ್ ಜಾಸ್ತಿ ಹೇಳಿದಳು. ಅಷ್ಟೇ. ಹತ್ತು ಗಂಟೆಗೆ ಎದುರು ಮನೆಯವರು "ಯಾರೋ ನೆಂಟರು ಬಂದ ಹಾಗಿದೆ?" ಎಂದರು. ಮಧ್ಯಾಹ್ನ ಹೂವಿನವಳು ಮಗು ಯಾರದೆಂದು ಕೇಳಿದಳು. ಸಂಜೆಯೊಳಗೆ ಇಡೀ ಬೀದಿಗೆ ಸುದ್ದಿ. ಮರುದಿನ ಗಂಡನ ಕಡೆಯವರು ಗೇಟಿನ ಮುಂದೆ ನಿಂತಿದ್ದರು. ಕೊನೆಗೆ ಪೊಲೀಸರು ಬಂದು, ಆಕೆ ಈಗ ಬೇರೆ ಕಡೆ ಸುರಕ್ಷಿತವಾಗಿದ್ದಾಳೆ. ಹೇಳಿದವರು ಯಾರು ಎಂದು ಹುಡುಕಿದರೆ ಅವರಲ್ಲಿ ಕೆಟ್ಟವರು ಒಬ್ಬರೂ ಇಲ್ಲ. ಎಲ್ಲರೂ ಸುಮ್ನೆ ಮಾತಿಗೆ ಹೇಳಿದವರೇ.

ಅವತ್ತಿನಿಂದ ಅದು ನನ್ನನ್ನು ಕೊರೆಯುತ್ತಲೇ ಇದೆ. ಯಾಕೆಂದರೆ ನಾನಿರುವ ದೇಶದಲ್ಲಿ, ಎಂಬತ್ತು ವರ್ಷದ ಹಿಂದೆ, ಹೀಗೆ ಸುಮ್ನೆ ಹೇಳಿದ ಒಂದು ಮಾತಿಗೆ ಜನ ಪ್ರಾಣ ಕಳೆದುಕೊಂಡಿದ್ದಾರೆ. ಹೇಳದೆ ಇದ್ದದ್ದರಿಂದ ಬದುಕಿಯೂ ಇದ್ದಾರೆ.

ನಾನಿರುವುದು ನೆದರ್‌ಲ್ಯಾಂಡ್ಸ್‌ನಲ್ಲಿ, ಆಮ್‌ಸ್ಟರ್‌ಡ್ಯಾಮ್‌ಗೆ ಅಂಟಿಕೊಂಡಿರುವ ಆಮ್‌ಸ್ಟೆಲ್‌ವೇನ್‌ನಲ್ಲಿ. ಇಲ್ಲಿ ಪಕ್ಕದ ಮನೆಯವರು ನಿಮ್ಮನ್ನು ಏನೂ ಕೇಳುವುದಿಲ್ಲ. ಸಂಬಳ ಎಷ್ಟು, ಮನೆಗೆ ಬಂದವರು ಯಾರು, ಯಾವಾಗ ಹೋಗುತ್ತಾರೆ, ಒಂದೂ ಇಲ್ಲ. ಎಷ್ಟೋ ಮನೆಗಳ ದೊಡ್ಡ ಕಿಟಕಿಗಳಿಗೆ ಪರದೆಯೇ ಇರುವುದಿಲ್ಲ. ಆದರೂ ಹಾದುಹೋಗುವವರು ಒಳಗೆ ಇಣುಕುವುದಿಲ್ಲ. ಬಂದ ಹೊಸದರಲ್ಲಿ ಇದು ನನಗೆ ತುಂಬ ಬೇಸರ ತರಿಸುತ್ತಿತ್ತು. ಕೋಸಂಬರಿ ಕಳಿಸುವವರಿಲ್ಲ, ಬಾಗಿಲಲ್ಲಿ ನಿಂತು ಅರ್ಧ ಗಂಟೆ ಮಾತಾಡುವವರಿಲ್ಲ. ಆಮೇಲೆ ಇಲ್ಲಿನ ಯುದ್ಧಕಾಲದ ಕಥೆಗಳನ್ನು ಓದುತ್ತ, ಕೇಳುತ್ತ ಹೋದೆ. ಈ ಕೇಳದಿರುವ ಗುಣಕ್ಕೂ ಒಂದು ಬೆಲೆಯಿದೆ ಅನ್ನಿಸತೊಡಗಿತು.

1940ರ ಮೇ ತಿಂಗಳಲ್ಲಿ ಹಿಟ್ಲರನ ಜರ್ಮನಿ ಈ ದೇಶವನ್ನು ವಶಪಡಿಸಿಕೊಂಡಿತು. ಆಗ ಇಲ್ಲಿ ಸುಮಾರು 1,40,000 ಯಹೂದಿಗಳಿದ್ದರು. 1942ರ ಜುಲೈಯಿಂದ ಅವರನ್ನು ವೆಸ್ಟರ್‌ಬೋರ್ಕ್ ಎಂಬ ಕ್ಯಾಂಪಿಗೆ ಒಯ್ದು, ಅಲ್ಲಿಂದ ರೈಲು ತುಂಬಿಸಿ ಆಶ್ವಿಟ್ಸ್, ಸೊಬಿಬೋರ್ ಎಂಬ ಸಾವಿನ ಕ್ಯಾಂಪುಗಳಿಗೆ ಕಳಿಸತೊಡಗಿದರು. ಸುಮಾರು 28,000 ಮಂದಿ ಅಡಗಿಕೊಂಡರು. ಅವರನ್ನು ಇಟ್ಟುಕೊಂಡವರು ರೈತರು, ಮೇಷ್ಟ್ರುಗಳು, ಪಾದ್ರಿಗಳು, ಅಂಗಡಿಯವರು, ಮಕ್ಕಳೊಂದಿಗರಾದ ಗೃಹಿಣಿಯರು.

ಒಬ್ಬರನ್ನು ಎರಡು ವರ್ಷ ಮನೆಯಲ್ಲಿ ಅಡಗಿಸಿಡುವುದು ಎಂದರೆ ಏನು ಎಂದು ಸ್ವಲ್ಪ ಯೋಚಿಸಿ. ಊಟಕ್ಕೆ ಒಂದು ತಟ್ಟೆ ಜಾಸ್ತಿ. ಆದರೆ ಎಲ್ಲವೂ ರೇಷನ್. ಅಡಗಿದವರಿಗೆ ಕಾರ್ಡೇ ಇಲ್ಲ. ಒಗೆದ ಬಟ್ಟೆ ಹರವಿದರೆ ಲೆಕ್ಕ ತಪ್ಪುತ್ತದೆ. ಮನೆಯವರೆಲ್ಲ ಕೆಲಸಕ್ಕೆ ಹೋದ ಹೊತ್ತಲ್ಲಿ ಕಕ್ಕಸಿನ ನೀರು ಬಿಟ್ಟರೆ ಪಕ್ಕದವರಿಗೆ ಕೇಳುತ್ತದೆ. ಇಲ್ಲಿನ ಮನೆಗಳು ಒಂದಕ್ಕೊಂದು ಗೋಡೆ ಹಂಚಿಕೊಂಡು ಸಾಲಾಗಿ ನಿಂತಿರುವಂಥವು. ಕೆಮ್ಮಿದರೂ ಗೊತ್ತಾಗುತ್ತದೆ. ಹಾಗಾಗಿ ಬಾಗಿಲು ತೆರೆದು ಒಳಗೆ ಕರೆದುಕೊಂಡವರ ಧೈರ್ಯದ ಜೊತೆಗೇ ಅಕ್ಕಪಕ್ಕದವರದ್ದೂ ಬೇಕು. ಒಬ್ಬರು ಬಾಯಿ ಬಿಟ್ಟರೆ ಎಲ್ಲ ಮುಗಿಯಿತು.

ಹಾರ್ಲೆಮ್ ಊರಿನಲ್ಲಿ ಟೆನ್ ಬೋಮ್ ಎಂಬವರ ಗಡಿಯಾರದ ಅಂಗಡಿ ಇದೆ. ಈಗ ಅದು ಮ್ಯೂಸಿಯಂ. ಮುದುಕ ತಂದೆ ಕಾಸ್ಪರ್, ಮದುವೆಯಾಗದೆ ಉಳಿದಿದ್ದ ಹೆಣ್ಣುಮಕ್ಕಳು ಬೆಟ್ಸಿ ಮತ್ತು ಕಾರೀ. ಕಾರೀಯ ಮಲಗುವ ಕೋಣೆಯಲ್ಲಿ ಒಂದು ಸುಳ್ಳು ಗೋಡೆ ಕಟ್ಟಿ ಅದರ ಹಿಂದೆ ಜನ ಅಡಗುವ ಜಾಗ ಮಾಡಿದ್ದರು. ನಾನು ಅಲ್ಲಿ ನಿಂತು ನೋಡಿದ್ದೇನೆ. ನಮ್ಮ ಮನೆಯ ದೇವರ ಕೋಣೆಯಷ್ಟೂ ಇಲ್ಲ. ಒಂದು ಸಂಜೆ ಮನೆಯಲ್ಲಿದ್ದವರೆಲ್ಲ ಸೇರಿ ಹಾಡುತ್ತಿದ್ದರಂತೆ. ಪಕ್ಕದ ಕನ್ನಡಕದ ಅಂಗಡಿಯವರ ಹೆಂಡತಿ ಬಂದು, ನಿಮ್ಮ ಯಹೂದಿಗಳಿಗೆ ಸ್ವಲ್ಪ ಮೆಲ್ಲಗೆ ಹಾಡಲು ಹೇಳಿ, ಗೋಡೆಯಾಚೆ ಕೇಳಿಸುತ್ತದೆ ಎಂದರಂತೆ. ಕಾರೀ ಅವರೇ ಮುಂದೆ ಇದನ್ನು ಬರೆದುಕೊಂಡಿದ್ದಾರೆ. ಗುಟ್ಟು ಎಂದುಕೊಂಡದ್ದು ನೆರೆಯವರಿಗೆ ಗೊತ್ತೇ ಇತ್ತು. ಅವರು ಹೇಳಿದ್ದು ಮನೆಯವರಿಗೆ ಮಾತ್ರ.

1944ರ ಫೆಬ್ರವರಿ 28ರಂದು ಒಬ್ಬ ಮಾಹಿತಿದಾರನಿಂದಾಗಿ ಆ ಮನೆಗೆ ದಾಳಿಯಾಯಿತು. ಗೋಡೆಯ ಹಿಂದೆ ಆರು ಜನ ನಿಂತೇ ಇದ್ದರು, ಸಿಕ್ಕಿಬೀಳಲಿಲ್ಲ. ಎರಡು ದಿನ ಹಾಗೇ ಕಳೆದ ಮೇಲೆ ಅವರನ್ನು ಹೊರಗೆ ತಂದು ಪಾರುಮಾಡಿದರು. ಆದರೆ ಎಂಬತ್ತನಾಲ್ಕು ವರ್ಷದ ಕಾಸ್ಪರ್ ಹತ್ತೇ ದಿನದಲ್ಲಿ ಬಂಧನದಲ್ಲೇ ತೀರಿಕೊಂಡರು. ಬೆಟ್ಸಿ ರಾವೆನ್ಸ್‌ಬ್ರುಕ್ ಕ್ಯಾಂಪಿನಲ್ಲಿ ಸತ್ತರು.

ಆನ್ ಫ್ರಾಂಕ್ ಅಡಗಿದ್ದ ಮನೆಯ ಕಥೆ ಎಲ್ಲರಿಗೂ ಗೊತ್ತು. ಆ ಮನೆಗೆ ತರಕಾರಿ ಕೊಡುತ್ತಿದ್ದವನ ಕಥೆ ಅಷ್ಟಾಗಿ ಗೊತ್ತಿಲ್ಲ. ಹತ್ತಿರದಲ್ಲೇ ಅಂಗಡಿ ಇಟ್ಟಿದ್ದ ಹೆಂಡ್ರಿಕ್ ವಾನ್ ಹುವೆ. ಅಡಗಿದವರನ್ನು ನೋಡಿಕೊಳ್ಳುತ್ತಿದ್ದ ಮೀಪ್ ಹೀಸ್ ಬಂದು ಒಂದು ಸಂಸಾರಕ್ಕೆ ಬೇಕಾಗುವುದಕ್ಕಿಂತ ಎಷ್ಟೋ ಜಾಸ್ತಿ ಆಲೂಗಡ್ಡೆ, ತರಕಾರಿ ಒಯ್ಯುತ್ತಿದ್ದರು. ಆತ ಯಾರಿಗೆ ಎಂದು ಕೇಳಲಿಲ್ಲ. ತೂಗಿ ಕೊಟ್ಟ. ಮುಂದೆ ಆತನನ್ನೂ ಹಿಡಿದುಕೊಂಡು ಹೋದರು, ಯಾಕೆಂದರೆ ತನ್ನ ಮನೆಯಲ್ಲೂ ಇಬ್ಬರು ಯಹೂದಿಗಳನ್ನು ಇಟ್ಟುಕೊಂಡಿದ್ದ. ತಂಗಿಯ ಬೀದಿಯ ಹಾಲಿನ ಲೆಕ್ಕ ನೆನೆದಾಗಲೆಲ್ಲ ನನಗೆ ಈ ತರಕಾರಿಯವನ ನೆನಪಾಗುತ್ತದೆ.

ಇನ್ನೊಂದು ಜಾಗ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಆಮ್‌ಸ್ಟರ್‌ಡ್ಯಾಮ್‌ನ ಪ್ಲಾಂಟಾಜ್ ಮಿಡನ್‌ಲಾನ್ ರಸ್ತೆ. ಒಂದು ಕಡೆ ನಾಟಕಶಾಲೆ, ಅಲ್ಲಿ ಯಹೂದಿಗಳನ್ನು ತಂದು ಕೂಡಿಹಾಕುತ್ತಿದ್ದರು. ಎದುರುಗಡೆ ಶಿಶುವಿಹಾರ, ಅಲ್ಲಿ ಅವರ ಮಕ್ಕಳು. ನಡುವೆ ಟ್ರ್ಯಾಮ್ ರಸ್ತೆ. ಶಿಶುವಿಹಾರ ನಡೆಸುತ್ತಿದ್ದ ಹೆನ್ರಿಯೆಟ್ಟೆ ಪಿಮೆಂಟೆಲ್, ನಾಟಕಶಾಲೆಯ ಉಸ್ತುವಾರಿ ನೋಡುತ್ತಿದ್ದ ವಾಲ್ಟರ್ ಸುಸ್‌ಕಿಂಡ್ ಇಬ್ಬರೂ ಯಹೂದಿಗಳೇ. ಪಕ್ಕದ ಶಿಕ್ಷಕರ ತರಬೇತಿ ಕಾಲೇಜಿನ ಯೋಹಾನ್ ವಾನ್ ಹುಲ್ಸ್ಟ್ ಅವರ ಜೊತೆ ಸೇರಿಕೊಂಡರು. ಸುಸ್‌ಕಿಂಡ್ ಪಟ್ಟಿಯಿಂದ ಹೆಸರು ಅಳಿಸುವುದು, ಹಿತ್ತಿಲ ಬೇಲಿಯ ಮೇಲಿಂದ ಮಗುವನ್ನು ಕಾಲೇಜಿನ ಕಡೆಗೆ ದಾಟಿಸುವುದು, ಅಲ್ಲಿಂದ ಹೊರಗೆ. ಸುಮಾರು 600 ಮಕ್ಕಳು ಹೀಗೆ ಉಳಿದರು. ಪಿಮೆಂಟೆಲ್, ಸುಸ್‌ಕಿಂಡ್ ಇಬ್ಬರೂ ಉಳಿಯಲಿಲ್ಲ.

ಕೆಲವು ಸಲ ಟ್ರ್ಯಾಮ್ ಬಂದು ನಿಂತು ಕಾವಲುಗಾರನ ನೋಟಕ್ಕೆ ಅಡ್ಡವಾದ ಕ್ಷಣದಲ್ಲಿ, ಅಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಯರು ಮಗುವನ್ನು ಎತ್ತಿಕೊಂಡು ಶಿಶುವಿಹಾರದಿಂದ ಹೊರಬಿದ್ದು, ಟ್ರ್ಯಾಮಿನ ಮರೆಯಲ್ಲೇ ಓಡಿ, ಮುಂದಿನ ಸ್ಟಾಪಿನಲ್ಲಿ ಅದನ್ನೇ ಹತ್ತುತ್ತಿದ್ದರು. ಟ್ರ್ಯಾಮಿನಲ್ಲಿ ಕೂತವರೆಲ್ಲ ಇದನ್ನು ನೋಡುತ್ತಿದ್ದರು. ನೋಡಿ ನಗುತ್ತಿದ್ದರು, ಆದರೆ ಒಬ್ಬರೂ ಹೇಳಲಿಲ್ಲ ಎಂದು ಅಲ್ಲಿ ಕೆಲಸ ಮಾಡಿದವರು ನೆನಪಿಸಿಕೊಂಡಿದ್ದಾರೆ. ಒಂದು ಟ್ರ್ಯಾಮ್ ತುಂಬ ಜನ! ಅಪರಿಚಿತರು, ಕೆಲಸಕ್ಕೆ ಹೋಗುವವರು, ಸಂತೆಗೆ ಹೋಗುವವರು.

ನಮ್ಮ ಪಕ್ಕದ ಮನೆಯ ಅಜ್ಜಿಯೊಬ್ಬರು ಆ ಕಾಲದಲ್ಲಿ ಪುಟ್ಟ ಹುಡುಗಿ. ಇಲ್ಲಿ ಪ್ರತಿ ವರ್ಷ ಮೇ 4ರಂದು ರಾತ್ರಿ ಎಂಟಕ್ಕೆ ದೇಶವೆಲ್ಲ ಎರಡು ನಿಮಿಷ ಮೌನವಾಗಿ ನಿಲ್ಲುತ್ತದೆ. ಅಂಥ ಒಂದು ಸಂಜೆ ಮನೆಗೆ ವಾಪಸ್ ಬರುವಾಗ ಅವರಾಗಿಯೇ ಹೇಳಿದರು. ಅವರ ಮನೆಯಲ್ಲೂ ಒಬ್ಬ ಹುಡುಗನಿದ್ದನಂತೆ. ರಾಟರ್‌ಡ್ಯಾಮ್‌ನಲ್ಲಿ ಬಾಂಬ್ ಬಿದ್ದು ಮನೆ ಹೋದ ಸೋದರಸಂಬಂಧಿ ಎಂದು ಶಾಲೆಯಲ್ಲಿ ಹೇಳಬೇಕೆಂದು ಅಮ್ಮ ಕಲಿಸಿದ್ದರಂತೆ. ಮೇಷ್ಟ್ರಿಗೆ ನಿಜ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ ಎಂದರು. "ಭಯ ಆಗ್ತಿರಲಿಲ್ವಾ?" ಎಂದು ಕೇಳಿದೆ. "ಅಮ್ಮ ಹೇಳಬೇಡ ಅಂದಿದ್ದಳು, ನಾನು ಹೇಳಲಿಲ್ಲ" ಎಂದರು. ಅಷ್ಟು ವರ್ಷ ಪಕ್ಕದಲ್ಲಿದ್ದೂ ಅವರ ಬಾಯಿಂದ ಆ ಮಾತು ಅದಕ್ಕೂ ಮುಂಚೆ ಬಂದಿರಲಿಲ್ಲ.

ನಮ್ಮಲ್ಲಿ ಧೈರ್ಯ ಎಂದರೆ ಎದುರು ನಿಂತು ಹೋರಾಡುವುದು. ಒನಕೆ ಹಿಡಿಯುವುದು, ಕತ್ತಿ ಹಿಡಿಯುವುದು. ಅದಕ್ಕೆ ಊರೂರಲ್ಲಿ ಪ್ರತಿಮೆ ಇದೆ. ಇರಲೇಬೇಕು. ಆದರೆ ಸಂಗೊಳ್ಳಿ ರಾಯಣ್ಣ ಸಿಕ್ಕಿಬಿದ್ದದ್ದು ಹೇಗೆ? ಹೋರಾಟದಲ್ಲಿ ಸೋತಲ್ಲ. ನಮ್ಮವರೇ ಹಿಡಿದುಕೊಟ್ಟರು. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಪ್ರತಿ ವರ್ಷ ರಾಯಣ್ಣನಿಗೆ ಹಾರ ಹಾಕುತ್ತೇವೆ. ಒಂದು ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದನ್ನು ಮಾತ್ರ ಮಕ್ಕಳಿಗೆ ಕಲಿಸುವುದಿಲ್ಲ. ಬದಲಿಗೆ "ಅವರ ಮನೇಲಿ ಏನು ಮಾಡಿದ್ರು, ಯಾರು ಬಂದಿದ್ರು?" ಎಂದು ಆಡಿ ಬಂದ ಮಗುವನ್ನು ಕೂರಿಸಿಕೊಂಡು ಕೇಳುತ್ತೇವೆ. ನನ್ನನ್ನೂ ಹಾಗೆ ಕೇಳಿಯೇ ಬೆಳೆಸಿದ್ದು.

ಡ್ರೆಂಟೆ ಪ್ರಾಂತ್ಯದ ನ್ಯೂಲಾಂಡೆ ಎಂಬ ಹಳ್ಳಿಯವರು ಇದಕ್ಕೊಂದು ದಾರಿ ಕಂಡುಕೊಂಡರು. ಯೋಹಾನೆಸ್ ಪೋಸ್ಟ್ ಎಂಬ ಎಂಟು ಮಕ್ಕಳ ರೈತ, ಆರ್ನಾಲ್ಡ್ ದೌವೆಸ್ ಎಂಬ ಗೆಳೆಯ, ಇವರಿಬ್ಬರೂ ಮನೆಮನೆ ಸುತ್ತಿ ಜಾಗ ಕೇಳಿದರು. ಊರಿನ ಪ್ರತಿ ಮನೆಯೂ ಒಬ್ಬರನ್ನಾದರೂ ಇಟ್ಟುಕೊಳ್ಳುವುದೆಂದು ತೀರ್ಮಾನವಾಯಿತು. ಎಲ್ಲರ ಮನೆಯಲ್ಲೂ ಒಬ್ಬರಿದ್ದರೆ ಯಾರು ಯಾರನ್ನು ಹಿಡಿದುಕೊಡುತ್ತಾರೆ? ಇವರು ತಮ್ಮ ಬೈಬಲ್ಲು, ತಮ್ಮ ಚರ್ಚು ಎಂದಿರುವ ಕಟ್ಟಾ ಕ್ರೈಸ್ತರು. ಬಂದವರೋ ನಗರದ ಯಹೂದಿಗಳು. ರೈಲು ಹೊರಡುತ್ತಿದ್ದ ವೆಸ್ಟರ್‌ಬೋರ್ಕ್ ಇದ್ದದ್ದೂ ಅದೇ ಪ್ರಾಂತ್ಯದಲ್ಲಿ. 1944ರಲ್ಲಿ ಪೋಸ್ಟ್‌ನನ್ನು ಗುಂಡಿಟ್ಟು ಕೊಂದರು. ನಾಜಿಗಳಿಗೆ ಬಲಿಯಾದ ಯಹೂದಿಗಳ ನೆನಪು ಕಾಯುವ ಇಸ್ರೇಲಿನ ಯಾದ್ ವಶೆಮ್ ಸಂಸ್ಥೆ ಮುಂದೆ, ಯಹೂದಿಗಳನ್ನು ಉಳಿಸಿದ್ದಕ್ಕಾಗಿ, ಆ ಹಳ್ಳಿಯ ನೂರಕ್ಕೂ ಹೆಚ್ಚು ಜನರನ್ನು ಒಟ್ಟಿಗೆ ಗೌರವಿಸಿತು. ಹೀಗೆ ಗೌರವ ಪಡೆದ ಡಚ್ಚರು 5,900ಕ್ಕೂ ಹೆಚ್ಚು. ಪೋಲೆಂಡ್ ಬಿಟ್ಟರೆ ಇದೇ ಜಾಸ್ತಿ.

ಇಷ್ಟು ಹೇಳಿ ನಿಲ್ಲಿಸಿಬಿಡಬಹುದಿತ್ತು. ಆದರೆ ಇನ್ನೊಂದು ಲೆಕ್ಕವೂ ಇದೆ. ಆ 1,40,000 ಜನರಲ್ಲಿ ಸುಮಾರು 1,02,000 ಮಂದಿಯನ್ನು ಕೊಂದರು. ಪಶ್ಚಿಮ ಯೂರೋಪಿನ ಯಾವ ದೇಶದಲ್ಲೂ ಸತ್ತ ಯಹೂದಿಗಳ ಪಾಲು ಇಷ್ಟಿಲ್ಲ. ಹೆಸರು, ವಿಳಾಸ, ಧರ್ಮ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿಟ್ಟವರು ಡಚ್ ಗುಮಾಸ್ತರು. ಮನೆಯಿಂದ ಎಬ್ಬಿಸಿ ತಂದವರಲ್ಲಿ ಡಚ್ ಪೊಲೀಸರಿದ್ದರು. 1943ರಲ್ಲಿ ತಲೆಗೆ ಏಳೂವರೆ ಗಿಲ್ಡರ್ ಇನಾಮು ತೆಗೆದುಕೊಂಡು ಅಡಗಿದವರನ್ನು ಹಿಡಿದುಕೊಟ್ಟ ಒಂದು ತಂಡ ಕೆಲವೇ ತಿಂಗಳಲ್ಲಿ 8,000ಕ್ಕೂ ಹೆಚ್ಚು ಜನರನ್ನು ಹಿಡಿಸಿತು. ಅವರಿಗೆ ಸುದ್ದಿ ಕೊಟ್ಟವರಲ್ಲಿ ನೆರೆಯವರೂ ಇದ್ದರು. ಸರ್ಕಾರದ ಪರವಾಗಿ ಪ್ರಧಾನಿ ಕ್ಷಮೆ ಕೇಳಿದ್ದು 2020ರಲ್ಲಿ. ಇಣುಕದ, ಕೇಳದ ಗುಣವೇ ಎದುರು ಮನೆಯವರನ್ನು ಲಾರಿಗೆ ಹತ್ತಿಸುವಾಗಲೂ ಎಷ್ಟೋ ಜನರನ್ನು ಕಿಟಕಿಯಿಂದ ದೂರ ಇಟ್ಟಿತು. ಇದನ್ನು ಒಪ್ಪಿಕೊಳ್ಳಲೇಬೇಕು. ಪಕ್ಕದ ಮನೆ ಅಜ್ಜಿಯೇ ನನಗೆ ಇದನ್ನು ಹೇಳಿದ್ದು. ಅವರ ತರಗತಿಯಲ್ಲಿ ಖಾಲಿಯಾದ ಬೆಂಚುಗಳ ಬಗ್ಗೆ ಆಗ ಯಾರೂ ಕೇಳಲಿಲ್ಲವಂತೆ.

ಊರಿನ ಬಗ್ಗೆಯೂ ಒಂದು ವಿಷಯ ಹೇಳಬೇಕು. 1991ರ ಡಿಸೆಂಬರ್‌ನಲ್ಲಿ ಕಾವೇರಿ ಗಲಾಟೆ ಆದಾಗ ನಾವು ಬೆಂಗಳೂರಿನಲ್ಲಿ ಒಂದು ವಠಾರದಲ್ಲಿದ್ದೆವು. ಒಂದು ಕೊಳಾಯಿ, ಸಾಲು ಮನೆ, ಯಾರ ಮನೆಯ ಒಗ್ಗರಣೆ ಎಂದು ವಾಸನೆಯಲ್ಲೇ ಗೊತ್ತಾಗುವ ಜಾಗ. ಅಲ್ಲಿ ಒಂದು ತಮಿಳು ಸಂಸಾರ ಇತ್ತು. ಎರಡು ರಾತ್ರಿ ಅವರು ನಮ್ಮ ಒಳಕೋಣೆಯಲ್ಲಿ ಮಲಗಿದ್ದರು. ದೊಣ್ಣೆ ಹಿಡಿದ ಹುಡುಗರು ವಠಾರದ ಬಾಗಿಲಿಗೆ ಬಂದು ಕೇಳಿದಾಗ ಮುಂದೆ ಹೋಗಿ ನಿಂತದ್ದು ಮೂಲೆ ಮನೆಯ ಅಜ್ಜಿ. ಬೀದಿಯ ಸುದ್ದಿಯನ್ನೆಲ್ಲ ಹೊತ್ತು ತಿರುಗುತ್ತಿದ್ದವರು ಅವರೇ. "ಅವರು ಮೊನ್ನೇನೇ ಸೇಲಂಗೆ ಹೋದ್ರಲ್ಲಪ್ಪ" ಎಂದರಂತೆ. ವಠಾರದ ಎಲ್ಲ ಮನೆಗೂ ನಿಜ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಇದನ್ನು ಹೇಳಿದ ಅಮ್ಮ ಅದರಲ್ಲಿ ಏನೋ ದೊಡ್ಡದಿದೆ ಎಂದು ಯಾವತ್ತೂ ಅಂದುಕೊಂಡವಳಲ್ಲ.

ಎರಡು ರಾತ್ರಿ ಬೇರೆ, ಎರಡು ವರ್ಷ ಬೇರೆ. ದೊಣ್ಣೆ ಹಿಡಿದ ಹುಡುಗರು ಬೇರೆ, ನಾಜಿ ಸರ್ಕಾರ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಹೊರಟಿಲ್ಲ. ತಂಗಿಯ ಬೀದಿಯವರ ಮೇಲಿನ ಸಿಟ್ಟೂ ಕಡಿಮೆಯಾಗಿಲ್ಲ. ಆದರೆ ಯಾದ್ ವಶೆಮ್ 1963ರಿಂದ ಬದುಕುಳಿದವರ ಮಾತು ಕೇಳಿ, ದಾಖಲೆ ನೋಡಿ, ಒಂದೊಂದೇ ಹೆಸರು ಬರೆಯುತ್ತ ಬಂದಿದೆ. ಅಲ್ಲೂ ಟ್ರ್ಯಾಮಿನಲ್ಲಿ ನಕ್ಕು ಸುಮ್ಮನಾದವರ ಹೆಸರಿಲ್ಲ, ಏಕೆಂದರೆ ಅವರು ಯಾರೆಂದು ಯಾರಿಗೂ ತಿಳಿಯದು. ನಮ್ಮ ವಠಾರದವರು ಯಾರು ಎಂದು ನಮಗೆ ಗೊತ್ತಿದೆ. ಅಂಥ ವಠಾರಗಳು ಅವತ್ತು ಬೆಂಗಳೂರಿನಲ್ಲಿ ಒಂದೇ ಇರಲಿಕ್ಕಿಲ್ಲ, ಅಲ್ವಾ? ಮೂಲೆ ಮನೆಯ ಅಜ್ಜಿ ತೀರಿಕೊಂಡು ಬಹಳ ವರ್ಷವಾಯಿತು. ಆ ತಮಿಳು ಸಂಸಾರ ಈಗ ಹೊಸೂರಿನಲ್ಲಿದೆ. ಅವರ ಮಗಳು ಯುಗಾದಿಗೆ ತಪ್ಪದೆ ಅಮ್ಮನಿಗೆ ಫೋನ್ ಮಾಡುತ್ತಾಳೆ. ಈ ಸಲ ಊರಿಗೆ ಹೋದಾಗ ಹೊಸೂರಿಗೂ ಹೋಗಿ, ಅವರು ಹೇಳಿದಂತೆಯೇ ಎಲ್ಲವನ್ನೂ ಬರೆದುಕೊಳ್ಳಬೇಕೆಂದಿದ್ದೇನೆ.