ಕೆಟ್ಟಿದ್ದು ಇಯರ್‌ಫೋನೋ, ಆಲ್ಬಮ್ಮೋ?

ನಾನು ರಾಕ್ ಸಂಗೀತದ ಪಂಡಿತನಲ್ಲ. ಗಿಟಾರ್ ಜೋರಾಗಿದ್ದರೆ ಖುಷಿ, ಹಾಡುವವನು ಅರಚಿದರೂ ತಕರಾರಿಲ್ಲ, ಅಷ್ಟೇ. ಆದರೆ ಈ ಹಳೇ ಕ್ಲಾಸಿಕ್ ರಾಕ್ ಆಲ್ಬಮ್‌ಗಳ ಮೇಲೂ, ತೊಂಬತ್ತರ ದಶಕದ ಆಲ್ಟರ್ನೇಟಿವ್ ಆಲ್ಬಮ್‌ಗಳ ಮೇಲೂ ನನ್ನದೊಂದು ದೂರಿದೆ. ಕೇಳುವಾಗ ಏನಾದರೂ ಎಡವಟ್ಟಾದರೆ, ನನ್ನ ಯಂತ್ರ ಕೈಕೊಟ್ಟಿತೋ, ಅವರೇ ಬೇಕಂತ ಹಾಗೆ ಮಾಡಿದ್ದಾರೋ ಗೊತ್ತೇ ಆಗುವುದಿಲ್ಲ.

ಬೀಟಲ್ಸ್‌ನಿಂದಲೇ ಶುರು ಮಾಡೋಣ. 1965ರ 'ರಬ್ಬರ್ ಸೋಲ್' ಆಲ್ಬಮ್ಮನ್ನು ಬಸ್ಸಿನಲ್ಲಿ ಕೂತು ಕೇಳುತ್ತಿದ್ದೆ. ಡ್ರಮ್ಸ್ ಇದೆ, ಬಾಸ್ ಇದೆ, ಹಾಡುವವರ ಪತ್ತೆಯೇ ಇಲ್ಲ. ಯಾರೋ ಕರೋಕೆ ಮಾಡಿ ಹಾಕಿದ್ದಾರೆ ಅಂದುಕೊಂಡು ನಾನೇ ಹಾಡಿದೆ. ಸ್ವಲ್ಪ ಜೋರಾಗಿಯೇ ಹಾಡಿರಬೇಕು, ಪಕ್ಕದಲ್ಲಿದ್ದವರು ಎದ್ದು ಹಿಂದಿನ ಸೀಟಿಗೆ ಹೋದರು. ಇಳಿಯುವಾಗ ನೋಡಿದರೆ ಇಯರ್‌ಫೋನಿನ ಒಂದು ಕಡೆ ಸತ್ತುಹೋಗಿತ್ತು. ಆಗೆಲ್ಲ ಜನ ಜಾಸ್ತಿ ಕೇಳುತ್ತಿದ್ದದ್ದು ಮೋನೋ, ಅಂದರೆ ಎಲ್ಲ ಸದ್ದೂ ಒಟ್ಟಿಗೇ ಬರುವ ಬಗೆ. ಬ್ಯಾಂಡಿನವರು ತಲೆ ಕೆಡಿಸಿಕೊಳ್ಳುತ್ತಿದ್ದದ್ದೂ ಅದಕ್ಕೇ. ಎರಡು ಕಡೆಗೆ ಬೇರೆಬೇರೆ ಸದ್ದು ಕಳಿಸುವ ಸ್ಟೀರಿಯೋ ವಿಷಯ ಬಂದಾಗ, ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡ ಹಾಗೆ ವಾದ್ಯ ಈ ಕಡೆ, ದನಿ ಆ ಕಡೆ ಅಂತ ಹಂಚಿಬಿಟ್ಟರು. ಮುಂದೊಂದು ದಿನ ಒಂದೇ ಕಿವಿಯಲ್ಲಿ ಕೇಳುವ ಪ್ರಾಣಿಯೂ ಹುಟ್ಟುತ್ತದೆ ಅಂತ ಅವರಿಗೇನು ಕನಸು ಬಿದ್ದಿತ್ತಾ? ಆದರೂ ಅರ್ಧ ಬೀಟಲ್ಸ್ ಅಂದರೆ ಎಷ್ಟೋ ಬ್ಯಾಂಡ್‌ಗಳ ಪೂರ್ತಿಗೆ ಸಮ. ಆ ಮಾತು ಬೇರೆ.

ಹೊಸ ಇಯರ್‌ಫೋನ್ ತಂದೆ. ಅವರದೇ 'ಆಬಿ ರೋಡ್' ಹಾಕಿದೆ. 1969ರದ್ದು. ಅದರಲ್ಲಿ 'ಐ ವಾಂಟ್ ಯೂ' ಅಂತ ಎಂಟು ನಿಮಿಷಕ್ಕೆ ಸ್ವಲ್ಪ ಕಡಿಮೆಯ ಹಾಡೊಂದಿದೆ. ಕೊನೆಕೊನೆಗೆ ಒಂದೇ ಗಿಟಾರ್ ಸುತ್ತು ಮತ್ತೆ ಮತ್ತೆ ಬರುತ್ತದೆ, ಹಿಂದೆ ಗಾಳಿಯ ಥರದ ಸದ್ದು ಏರುತ್ತಾ ಹೋಗುತ್ತದೆ. ಇನ್ನೇನೋ ಆಗುತ್ತದೆ ಅಂತ ಕಾಯುವಾಗ ಟಕ್. ಪೂರ್ತಿ ಮೌನ. ಚಾರ್ಜ್ ನೋಡಿದೆ, ಇತ್ತು. ಪಿನ್ ಕಿತ್ತು ಮತ್ತೆ ಸಿಗಿಸಿದೆ. ಫೋನ್ ಆಫ್ ಮಾಡಿ ಆನ್ ಮಾಡಿದೆ, ಹಾಡನ್ನು ಮೊದಲಿಂದ ಹಾಕಿದೆ. ಅದೇ ಜಾಗದಲ್ಲಿ ಮತ್ತೆ ಟಕ್! ಟೇಪನ್ನು ಅಲ್ಲಿಗೇ ಕತ್ತರಿಸಿ ಅಂತ ಹೇಳಿದ್ದು ಸ್ವತಃ ಜಾನ್ ಲೆನನ್. ಎಲ್‌ಪಿಯಲ್ಲಿ ಮೊದಲನೇ ಮಗ್ಗುಲು ಮುಗಿಯುವುದೇ ಅಲ್ಲಿ. ಹಾಗಾಗಿ ಆಗಿನವರು ಎದ್ದು ತಟ್ಟೆ ತಿರುಗಿಸಿ ಸುಮ್ಮನಾಗಿರಬಹುದು. ಫೋನನ್ನು ಯಾವ ಕಡೆಗೆ ತಿರುಗಿಸುವುದು?

ಅದೇ ಆಲ್ಬಮ್ಮಿನ ಕೊನೆಯಲ್ಲಿ ಇನ್ನೊಂದು ತಮಾಷೆ. ಎಲ್ಲ ಮುಗಿಯಿತು ಅಂದುಕೊಂಡ ಮೇಲೆ ಹದಿನಾಲ್ಕು ಸೆಕೆಂಡು ಏನೂ ಇಲ್ಲ, ಆಮೇಲೆ 23 ಸೆಕೆಂಡಿನ ಪುಟಾಣಿ ಹಾಡು. ಅದನ್ನು ಬೇರೆ ಕಡೆಯಿಂದ ಕತ್ತರಿಸಿ ತೆಗೆದಿದ್ದರು. ಬೀಟಲ್ಸ್ ಹಾಡಿದ್ದು ಯಾವುದನ್ನೂ ಎಸೆಯಬಾರದು ಅಂತ ಸ್ಟುಡಿಯೋದಲ್ಲಿ ಕಟ್ಟಪ್ಪಣೆ. ಪಾಪ, ಎಂಜಿನಿಯರ್ ಅದನ್ನು ಟೇಪಿನ ತುದಿಗೆ ಅಂಟಿಸಿಟ್ಟ. ಕೇಳಿದವರು ಚೆನ್ನಾಗಿದೆ, ಇರಲಿ ಬಿಡಿ ಅಂದರು. ನನ್ನ ಮನೆಯಲ್ಲಿ ಆದರೆ ಎಡವಟ್ಟು, ಅವರ ಸ್ಟುಡಿಯೋದಲ್ಲಿ ಆದರೆ ಇತಿಹಾಸ!

ಹದಿನಾಲ್ಕು ಸೆಕೆಂಡು ಹೋಗಲಿ. ನಿರ್ವಾಣ ಬ್ಯಾಂಡಿನ 'ನೆವರ್‌ಮೈಂಡ್' 1991ರದ್ದು. ಈಜುಕೊಳದಲ್ಲಿ ಮಗು ನೋಟಿನ ಹಿಂದೆ ಹೋಗುತ್ತಿರುವ ಆ ಕವರ್ ನೀವು ನೋಡಿಯೇ ಇರುತ್ತೀರಿ. ಮೊದಲರ್ಧ ಬಹಳ ಚೆನ್ನಾಗಿದೆ, ಉಳಿದದ್ದು ಪರವಾಗಿಲ್ಲ. ಕೊನೆಯ ಹಾಡು ಮಾತ್ರ ಎಷ್ಟು ಮೆತ್ತಗಿದೆ ಅಂದರೆ ಜೋಗುಳಕ್ಕೇ ಆಗುತ್ತದೆ. ರಾತ್ರಿ ಸಿಡಿ ಹಾಕಿ ಮಲಗಿದ್ದೆ, ಅದನ್ನು ಕೇಳುತ್ತಲೇ ನಿದ್ದೆ ಬಂತು. ಸಿಡಿ ಮುಗಿದಿರಲಿಲ್ಲ. ಹತ್ತು ನಿಮಿಷ ಸದ್ದಿಲ್ಲದೆ ತಿರುಗಿ, ಆಮೇಲೆ ಕವರಿನ ಮೇಲೆ ಹೆಸರೇ ಇಲ್ಲದ ಹಾಡೊಂದು ಶುರುವಾಯಿತು. ಹಾಡು ಅನ್ನುವುದಕ್ಕಿಂತ ಗಲಾಟೆ ಅನ್ನಬಹುದು. ನಾನು ಮಂಚದ ಮೇಲೆ ಎದ್ದು ನಿಂತಿದ್ದೆ. ಯಾವಾಗ ನಿಂತೆನೋ ನನಗೇ ಗೊತ್ತಿಲ್ಲ. ಆ ಕೋಣೆಯಿಂದ ಅಮ್ಮನ ದನಿ ಬಂತು.

"ಏನೋ ಅದು? ಏನು ಬಿತ್ತು?"

"ಏನೂ ಬಿದ್ದಿಲ್ಲ ಅಮ್ಮ, ಹಾಡು."

"ಹಾಡಂತೆ ಹಾಡು. ಲೈಟ್ ಹಾಕಿ ಸರಿಯಾಗಿ ನೋಡು, ಏನು ಬಿತ್ತು ಅಂತ."

ಲೈಟ್ ಹಾಕಿ ನೋಡಿದೆ ಕೂಡ. ಮೊದಲು ಅಚ್ಚಾದ ಸಿಡಿಗಳಲ್ಲಿ ಈ ಹಾಡು ತಪ್ಪಿಹೋಗಿತ್ತಂತೆ. ಅವನ್ನು ಕೊಂಡವರು ಪುಣ್ಯವಂತರು.

ರೇಡಿಯೋಹೆಡ್‌ನವರದು ಇನ್ನೊಂದು ಬಗೆ. 1997ರ 'ಓಕೆ ಕಂಪ್ಯೂಟರ್' ಮಧ್ಯದಲ್ಲಿ ಹಾಡು ನಿಂತು, ಯಂತ್ರದ ದನಿಯೊಂದು ಹೇಗೆ ಬದುಕಬೇಕು ಅಂತ ಪಟ್ಟಿ ಓದುತ್ತದೆ. ಅದು ಮ್ಯಾಕಿಂಟೋಷ್ ಕಂಪ್ಯೂಟರಿನ ದನಿ. ಫೋನೇ ನನಗೆ ಬುದ್ಧಿ ಹೇಳಲು ಶುರು ಮಾಡಿದೆ ಅಂದುಕೊಂಡು ಸೆಟ್ಟಿಂಗ್ಸ್ ಎಲ್ಲ ಕೆದಕಿದೆ. ಯಾವುದನ್ನೋ ಒತ್ತಿ, ಆವತ್ತಿಂದ ಅಲಾರಂ ಹೊಡೆಯುವುದಿಲ್ಲ. ಉಳಿದ ಆಲ್ಬಮ್ಮಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಇನ್ನು 'ಲವ್‌ಲೆಸ್'. ಇದನ್ನು ಕೇಳು ಅಂತ ಪ್ರಾಣ ತಿಂದದ್ದು ನನ್ನ ಪಂಡಿತ ಗೆಳೆಯ. ಮೈ ಬ್ಲಡಿ ವ್ಯಾಲೆಂಟೈನ್ ಅನ್ನುವ ಬ್ಯಾಂಡ್ ಎರಡು ವರ್ಷ ಸ್ಟುಡಿಯೋದಿಂದ ಸ್ಟುಡಿಯೋಗೆ ಅಲೆದು ಇದನ್ನು ಮಾಡಿದ್ದು, ಇದೂ 1991ರದ್ದೇ. ಹಾಕಿದೆ. ಶ್ರುತಿ ಹಿಗ್ಗುತ್ತಿದೆ, ಕುಗ್ಗುತ್ತಿದೆ, ಹಾಡುವವರು ಗೋಡೆಯ ಆಚೆ ಇದ್ದಾರೆ. ಸ್ಪೀಕರ್ ಬದಲಿಸಿದೆ, ವೈರ್ ಬದಲಿಸಿದೆ, ಕಿವಿಗೆ ಎಣ್ಣೆ ಬಿಡೋಣವೇ ಅಂತಲೂ ಯೋಚಿಸಿದೆ. ಕೊನೆಗೆ ಅವನಿಗೇ ಫೋನ್ ಮಾಡಿ, ನೀನು ಕಳಿಸಿದ ಫೈಲ್ ಕೆಟ್ಟಿದೆ ಅಂದೆ.

"ಲೋ, ಅದು ಇರೋದೇ ಹಾಗೆ ಕಣೋ. ಅವರ ಗಿಟಾರಿಸ್ಟ್ ಶ್ರುತಿ ಏರಿಳಿಸೋ ಟ್ರೆಮೊಲೊ ಸರಳನ್ನು ಹಿಡಿದುಕೊಂಡೇ ತಂತಿ ಬಾರಿಸುತ್ತಾನೆ."

"ಯಾಕೆ?"

ಅವನು ಫೋನ್ ಇಟ್ಟುಬಿಟ್ಟ. ಕೇಳಬಾರದ್ದು ನಾನೇನು ಕೇಳಿದೆ, ಹೇಳಿ. ನಾಲ್ಕಾರು ಸಲ ಕೇಳಿದ ಮೇಲೆ ಆ ಗಿಟಾರು ಒಂಥರಾ ಹಿಡಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಒಂದು ಸಾಲಾದರೂ ಅರ್ಥವಾಯಿತು ಅನ್ನುವವರನ್ನು ನಾನು ನಂಬುವುದಿಲ್ಲ.

ಇವರೆಲ್ಲರ ನಡುವೆ ನನಗೆ ನೆಮ್ಮದಿ ಕೊಡುವುದು ಫ್ಲೀಟ್‌ವುಡ್ ಮ್ಯಾಕ್‌ನ 'ರೂಮರ್ಸ್', 1977ರದ್ದು. ಮೌನದ ಆಟವಿಲ್ಲ, ಕತ್ತರಿಯಿಲ್ಲ, ನಡುವೆ ಯಾರೂ ಬುದ್ಧಿ ಹೇಳುವುದಿಲ್ಲ. ತಮಾಷೆ ಅಂದರೆ, ಆ ಬ್ಯಾಂಡಿನಲ್ಲಿ ಆಗ ನೆಟ್ಟಗಿದ್ದದ್ದು ಒಂದೂ ಇಲ್ಲ. ಒಂದು ಜೋಡಿ ಡೈವೋರ್ಸ್, ಇನ್ನೊಂದು ಜೋಡಿ ಬೇರೆಬೇರೆ, ಡ್ರಮ್ಮರ್‌ನ ಸಂಸಾರವೂ ಮುರಿದಿತ್ತು. ಒಬ್ಬರ ಮೇಲೊಬ್ಬರು ಹಾಡು ಕಟ್ಟಿ, ಬೈಸಿಕೊಂಡವರೇ ಅದಕ್ಕೆ ದನಿಗೂಡಿಸಿದರು. ಸಾಲದ್ದಕ್ಕೆ, ತಿಂಗಳುಗಟ್ಟಲೆ ಓಡಿಸಿ ಓಡಿಸಿ ಟೇಪೇ ಸವೆದು ಡ್ರಮ್ಸಿನ ಸದ್ದು ಮಂಕಾಯಿತು. ತೆಗೆದಿಟ್ಟಿದ್ದ ಇನ್ನೊಂದು ಟೇಪನ್ನು ಹುಡುಕಿ, ಎರಡನ್ನೂ ಕಿವಿಯಲ್ಲೇ ಹೊಂದಿಸಿ ಉಳಿಸಿಕೊಂಡರು. ನಿಜವಾಗಿ ಯಂತ್ರ ಕೈಕೊಟ್ಟದ್ದು ಇವರಿಗೆ, ಅದು ಆಲ್ಬಮ್ಮಿನಲ್ಲಿ ಎಳ್ಳಷ್ಟೂ ಕೇಳಿಸುವುದಿಲ್ಲ.

ಈಗ ಇಯರ್‌ಫೋನ್ ಕೊಳ್ಳುವ ಮೊದಲು ನಾನು 'ರೂಮರ್ಸ್' ಹಾಕಿ ನೋಡುತ್ತೇನೆ. ಕರಕರ ಅಂದರೆ ಬೇಡ ಅಂತ ವಾಪಸ್ ಕೊಡುತ್ತೇನೆ. ಗೆಳೆಯ 'ಲವ್‌ಲೆಸ್' ಹಾಕಿ ಪರೀಕ್ಷೆ ಮಾಡುತ್ತಾನಂತೆ. ಏನು ಕೇಳಿಸಿದರೆ ಅವನು ವಾಪಸ್ ಕೊಡುತ್ತಾನೋ!