ಗೂಡು ಕಾಯೋದಿಲ್ಲ

"ಒಬ್ಬರಿಗೊಬ್ಬರು ಬೇಕು ಕಣ್ರೀ" ಅಂತ ಎಲ್ಲರೂ ಹೇಳ್ತಾರೆ. ನಿಜವೇ. ಆದರೆ ವ್ಯವಹಾರ ನಿಂತುಹೋದರೆ ಯಾರು ಎಷ್ಟು ದಿನ ತಡೆದಾರು ಅನ್ನೋದನ್ನು ಯಾರೂ ಕೇಳೋದಿಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಒಮ್ಮೆ ಬೆಳಿಗ್ಗೆ ಹೋಗಿ ನೋಡಿ.

ರೈತರು ಗೂಡು ಸುರಿದು ಪಕ್ಕದಲ್ಲೇ ನಿಂತಿರುತ್ತಾರೆ. ಗೂಡಿನಿಂದ ನೂಲು ತೆಗೆಯೋ ರೀಲರ್ ಬಂದು ಒಂದು ಹಿಡಿ ಎತ್ತಿಕೊಂಡು ಬೆರಳಲ್ಲಿ ಅದುಮಿ ನೋಡುತ್ತಾರೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಹುಳು ಟಕಟಕ ಅಂದರೆ ಸರಿ. ಆಮೇಲೆ ಹರಾಜು. ಮಾರುವವರಲ್ಲಿ ಒಕ್ಕಲಿಗರು ಜಾಸ್ತಿ, ಕೊಳ್ಳುವವರಲ್ಲಿ ಮುಸ್ಲಿಮರು ಜಾಸ್ತಿ. ಪ್ರೀತಿ ಉಕ್ಕಿ ಹರಿಯುತ್ತೆ ಅಂತ ಸುಮ್ನೆ ಹೇಳಲಾರೆ. ಚೌಕಾಸಿ, ಬೈಗುಳ ಎಲ್ಲ ಇದೆ. ಆದರೂ ನಾಳೆ ಮತ್ತೆ ಅಲ್ಲೇ ಸೇರುತ್ತಾರೆ.

2022ರಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಬಾರದು ಅನ್ನೋ ಗಲಾಟೆ ಎದ್ದಿತಲ್ಲ. ಅದು ಈ ಮಾರುಕಟ್ಟೆಗೆ ಬಂದರೆ ಮೊದಲು ಮುಳುಗುವುದು ರೈತರೇ. ಹುಳು ಗೂಡು ಕಟ್ಟಿ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ತೂತು ಮಾಡಿಕೊಂಡು ಹೊರಬರುತ್ತೆ. ತೂತಾದ ಗೂಡಿನಲ್ಲಿ ಎಳೆ ಉದ್ದಕ್ಕೆ ಬಿಚ್ಚೋಕೆ ಬರೋದಿಲ್ಲ. ಗೂಡು ಬಿಡಿಸೋ ಹೊತ್ತಿಗೇ ಐದಾರು ದಿನ ಹೋಗಿರುತ್ತೆ, ಉಳಿಯೋದು ಅಷ್ಟೇ ದಿನ. ರೀಲರ್ ಕಥೆಯೂ ಅಷ್ಟೇನೂ ಸುಖವಿಲ್ಲ. ಸಣ್ಣವರಿಗೆ ಇವತ್ತಿನ ನೂಲು ಮಾರಿದರೇನೇ ನಾಳೆಯ ಗೂಡಿಗೆ ದುಡ್ಡು.

ಇನ್ನು ಚೀನಾ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದರು. ಅಗ್ಗದ ಚೀನಾ ನೂಲು ಬಂದು ಇಲ್ಲಿ ಗೂಡಿನ ಬೆಲೆ ನೆಲ ಕಚ್ಚಿತು. ಹಾಗಂತ ಸುಂಕ ಇಳಿಸಿ ಎಂದವರೆಲ್ಲ ಖಳನಾಯಕರಲ್ಲ. ಬನಾರಸಿನ ನೇಕಾರನಿಗೆ ಅಗ್ಗದ ನೂಲು ಬೇಕು, ಅವನೂ ಬಡವನೇ. "ಚೀನಾ ಮಾಲು ಸುಟ್ಟುಹಾಕಿ" ಅನ್ನೋರಿಗೆ ಇನ್ನೊಂದು ಮಾತು. ಚೀನಾ ನೂಲಿಗೆ ಸರಿಸಾಟಿಯಾದ ನೂಲು ತೆಗೆಯೋಕೆ ನಮ್ಮಲ್ಲಿ ಹಾಕಿರುವ ಎಷ್ಟೋ ಆಟೊಮ್ಯಾಟಿಕ್ ರೀಲಿಂಗ್ ಯಂತ್ರ ಬಂದಿರೋದು ಚೀನಾದಿಂದಲೇ! ಒಳ್ಳೆ ಗುಣಮಟ್ಟದ ನೂಲು ಕೊಡೋ ಬೈವೋಲ್ಟೈನ್ ತಳಿಯ ಹುಳು ಸಾಕಾಣಿಕೆ ಇಲ್ಲಿ ಬೇರೂರೋಕೆ 1990ರ ದಶಕದಲ್ಲಿ ಕೈಜೋಡಿಸಿದ್ದು ಜಪಾನ್.

ನನ್ನ ಪ್ರಕಾರ ಹೆಚ್ಚು ದಿನ ತಡೆಯಲಾರದವರ ಕಡೆ ಸರ್ಕಾರ ನಿಲ್ಲಬೇಕು. ಇಲ್ಲಿ ಅದು ರೈತ, ಆಮೇಲೆ ಸಣ್ಣ ರೀಲರ್. ಸರ್ಕಾರಿ ಹರಾಜು ಕಟ್ಟೆ ಇರೋದೇ ಅದಕ್ಕೆ, ಅದನ್ನು ಸಡಿಲ ಮಾಡಬೇಡಿ. ರೀಲರಿಗೆ ಕಡಿಮೆ ಬಡ್ಡಿಗೆ ಸಾಲ ಕೊಡಿ. ಸುಂಕ ಮತ್ತೆ ಇಳಿಸಬೇಡಿ, ನೇಕಾರನಿಗೆ ನೂಲಿನಲ್ಲಿ ರಿಯಾಯಿತಿ ಕೊಡಿ. ದುಡ್ಡು ಎಲ್ಲಿಂದ ಅಂತೀರಾ? ಸುಂಕದಲ್ಲಿ ಬಂದದ್ದು ಇದೆಯಲ್ಲ ಸ್ವಾಮಿ.